ಮುಕ್ಕಾಲು ಹೋಗಿ ಮೂವತ್ನಾಲ್ಕು ಆದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

ಇವತ್ತಿನ ಸಂಚಿಕೆ ಒಂದು ನೀರಿನ ತೊಟ್ಟಿಯಿಂದ ಶುರು. 200 ಲೀಟರ್ ಹಿಡಿಸೋ ತೊಟ್ಟಿ. ಅದರ ಮುಕ್ಕಾಲು ಭಾಗ ನೀರು ತುಂಬಿದೆ. ತೊಟ್ಟೀಲಿರೋ ನೀರು ಎಷ್ಟು ಲೀಟರ್? ಬಸ್ಸಲ್ಲಿ ಒಂದು ಕೈಲಿ ಕಂಬಿ ಹಿಡ್ಕೊಂಡು ನಿಂತಿದ್ರೂ ನೀವು ಹೇಳ್ತೀರ, ನೂರೈವತ್ತು ಅಂತ.

ನಮ್ಮ ದೊಡ್ಡಮ್ಮನ ಮಗಳು ಹೈಸ್ಕೂಲಲ್ಲಿ ಗಣಿತದ ಟೀಚರ್. ಇರೋದು ಹೊಸಹೊಳಲಲ್ಲಿ, ಕೆ.ಆರ್. ಪೇಟೆ ಪಕ್ಕ. ಎಂಟನೇ ಕ್ಲಾಸಿನ ಕಿರುಪರೀಕ್ಷೆಗೆ ಅಕ್ಕ ಇದೇ ಪ್ರಶ್ನೆ ಕೊಟ್ಟಿದ್ದಳು. ಮಕ್ಕಳ ಕೈಗೆ ಬಂದ ಹಾಳೇಲಿ ಏನಿತ್ತು ಗೊತ್ತಾ? 'ಅದರ 34 ಭಾಗ ನೀರು ತುಂಬಿದೆ.' ಮುಕ್ಕಾಲು ಅನ್ನೋದು ಮೂವತ್ನಾಲ್ಕು ಆಗಿತ್ತು. ಮೂರರ ಕೆಳಗೆ ಗೆರೆ, ಗೆರೆ ಕೆಳಗೆ ನಾಲ್ಕು ಅಂತ ಅವಳು ಕೂರಿಸಿದ್ದ ಭಿನ್ನರಾಶೀಲಿ ಗೆರೆ ಮಾಯ, ನಾಲ್ಕು ಬಂದು ಮೂರರ ಪಕ್ಕ ಕೂತಿದೆ. ಬಹಳಷ್ಟು ಮಕ್ಕಳು ಪ್ರಶ್ನೆ ಬಿಟ್ಟರು. ಒಬ್ಬ ಹುಡುಗ ಮಾತ್ರ 34ನ್ನ 200ರಿಂದ ಗುಣಿಸಿ 6,800 ಲೀಟರ್ ಅಂತ ಬರೆದು, ಕೆಳಗೆ ಇನ್ನೊಂದು ಸಾಲು ಸೇರಿಸಿದ್ದ: 'ನೀರು ಚೆಲ್ಲಿ ಹೋಗುತ್ತದೆ.'

ಭಾನುವಾರ ನಾನು ಮನೆಗೆ ಹೋದಾಗ ಅಕ್ಕ ಆ ಉತ್ತರ ಪತ್ರಿಕೆ ಇಟ್ಕೊಂಡೇ ಕೂತಿದ್ದಳು. 'ಅಲ್ಲ ಕಣೋ, ನಾನು ಮೂರ್ ಸಲ ಪ್ರೂಫ್ ನೋಡಿವ್ನಿ. ನನ್ನ ಲ್ಯಾಪ್‌ಟಾಪಲ್ಲಿ ಈಗ್ಲೂ ಸರಿಯಾಗೇ ಐತೆ. ಅಂಗಡೀಲಿ ಪ್ರಿಂಟ್ ಆಗೋ ಹೊತ್ಗೆ ಗೆರೆ ಎಲ್ಲೋಯ್ತು?' ಅಂದಳು. ಆಮೇಲೆ ಕೇಳಬಾರದ ಪ್ರಶ್ನೆ ಕೇಳಿದಳು: 'ನೀನು ಕಂಪ್ಯೂಟರ್ ಕಡೆಯವ್ನು ತಾನೆ?' ನಾನು ಬಿ.ಕಾಂ. ಓದಿರೋನು. ಮೈಕ್ ಮುಂದೆ ಕೂತು ಮಾತಾಡ್ತೀನಿ ಅನ್ನೋದು ಬಿಟ್ರೆ ಕಂಪ್ಯೂಟರಿಗೂ ನನಗೂ ಅಂಥ ನಂಟೇನಿಲ್ಲ. ಆದ್ರೂ ಆ ಗೆರೆ ಎಲ್ಲಿ ಹೋಯ್ತು ಅಂತ ಹುಡುಕಿಕೊಂಡು ಹೋದೆ. ಹುಡುಕಾಟ ಎಂಟುನೂರು ವರ್ಷಕ್ಕೂ ಹಿಂದಕ್ಕೆ ಎಳ್ಕೊಂಡು ಹೋಯ್ತು. ಅದೇ ಇವತ್ತಿನ ಸಂಚಿಕೆ.

ಪಾಡ್‌ಕಾಸ್ಟಲ್ಲಿ ಒಂದು ಕಷ್ಟ ಇದೆ. ನಾನು ನಿಮಗೆ ಸಮೀಕರಣ ತೋರಿಸಕ್ಕಾಗಲ್ಲ, ಬಾಯಲ್ಲಿ ಹೇಳಬೇಕು. ಆ ಕಷ್ಟಾನ ಸ್ವಲ್ಪ ನೆನಪಿಟ್ಕೊಳ್ಳಿ, ಮುಂದೆ ಅದೇ ಉಪಯೋಗಕ್ಕೆ ಬರುತ್ತೆ.

ಮೊದಲು ಮುಕ್ಕಾಲು ಅನ್ನೋ ಮಾತನ್ನೇ ನೋಡಿ. ಮೂರು ಕಾಲು. ಪದದೊಳಗೇ ಲೆಕ್ಕ ಇದೆ. ಹಿಂದೆ ನಮ್ಮ ಕಡೆ ಶಾನುಭೋಗರು, ಅಂಗಡಿ ಶೆಟ್ಟರು ಲೆಕ್ಕ ಬರೀತಿದ್ದದ್ದು ಕಡತದಲ್ಲಿ. ಈಗ ಕಡತ ಅಂದ್ರೆ ಆಫೀಸಿನ ಫೈಲು. ಆಗ ಅದು ನಿಜವಾಗ್ಲೂ ಬಟ್ಟೆ. ಹುಣಸೆಬೀಜದ ಸರಿಗೆ ಇದ್ದಿಲು ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಪಟ್ಟಿಪಟ್ಟಿಯಾಗಿ ಮಡಚಿ, ಬಳಪದಲ್ಲಿ ಬರೀತಿದ್ರು. ಅಳಿಸಿ ಮತ್ತೆ ಬರೀಬಹುದು. ಆ ಲೆಕ್ಕದಲ್ಲಿ ಕಾಲಿಗೆ ಒಂದು ನಿಂತ ಗೆರೆ, ಅರೆಗೆ ಎರಡು, ಮುಕ್ಕಾಲಿಗೆ ಮೂರು. ಅಷ್ಟೇ. ಹದಿನಾರನೇ ಒಂದು ಭಾಗಕ್ಕೆ, ಅಂದ್ರೆ ವೀಸಕ್ಕೆ, ಬೇರೆ ಥರದ ಗೆರೆ. ರೂಪಾಯಿಗೆ ಹದಿನಾರಾಣೆ ಇದ್ದ ಕಾಲಕ್ಕೂ ಇದು ಸಲೀಸಾಗಿ ಒಗ್ಗಿತು, ಯಾಕಂದ್ರೆ ನಾಲ್ಕಾಣೆ ಅಂದ್ರೆ ಕಾಲು. ಅಕೌಂಟೆನ್ಸಿ ಓದಿದ ನನಗೆ ಇದನ್ನ ನೋಡಿ ಹೊಟ್ಟೆ ಉರೀತು, ನಿಜ ಹೇಳ್ತೀನಿ. ಎಷ್ಟು ಅಚ್ಚುಕಟ್ಟು!

ಆ ಗೆರೆಗಳು ಸತ್ತಿಲ್ಲ. 2009ರಲ್ಲಿ ಬಂದ ಯೂನಿಕೋಡ್ 5.2ರಲ್ಲಿ ಕಾಲು, ಅರೆ, ಮುಕ್ಕಾಲು, ವೀಸದ ಚಿಹ್ನೆಗಳಿಗೆ ಜಾಗ ಸಿಕ್ತು. ಅವನ್ನ ಬಳಸೋ ಲಿಪಿಗಳ ಪಟ್ಟೀಲಿ ಕನ್ನಡದ ಹೆಸರೂ ಇದೆ. ಶಾನುಭೋಗರ ಮುಕ್ಕಾಲನ್ನ ಕಂಪ್ಯೂಟರ್ ಒಂದೇ ಅಕ್ಷರ ಅಂತ ಗುರುತಿಸುತ್ತೆ, ಅದು ಮೂವತ್ನಾಲ್ಕು ಆಗೋ ಸಾಧ್ಯತೆನೇ ಇಲ್ಲ. ಅಕ್ಕನಿಗೆ ಇದನ್ನ ಹೇಳಿದೆ. 'ಪಠ್ಯಪುಸ್ತಕದವ್ರಿಗೆ ಹೇಳೋಗು' ಅಂದಳು.

ಬಳಪ ಅಂದೆನಲ್ಲ. ಹೊಸಹೊಳಲಿಗೆ ಬಂದವರು ಲಕ್ಷ್ಮೀನಾರಾಯಣ ದೇವಸ್ಥಾನ ನೋಡದೆ ಹೋಗಲ್ಲ. ಹೊಯ್ಸಳರ ಕಾಲದ್ದು, ಸುಮಾರು 1250ರದ್ದು ಅಂತಾರೆ, ಮೂರು ಗರ್ಭಗುಡಿಯ ತ್ರಿಕೂಟ. ಅದನ್ನ ಕಟ್ಟಿರೋದೂ ಬಳಪದ ಕಲ್ಲಲ್ಲೇ. ಮೆತ್ತಗಿನ ಕಲ್ಲು, ಉಳಿಗೆ ಬಗ್ಗುತ್ತೆ, ಅದಕ್ಕೇ ಅಷ್ಟು ಸೂಕ್ಷ್ಮ ಕೆತ್ತನೆ. ಹೊರಗೋಡೆ ಕೆಳಪಟ್ಟಿಕೇಲಿ ರಾಮಾಯಣ, ಮಹಾಭಾರತ, ಭಾಗವತ ಸಾಲಾಗಿ ಹೋಗ್ತವೆ. ಮೂಲೆಮೂಲೆ ಚಾಚಿಕೊಂಡ ಆ ಗೋಡೆ, ಅದರ ಅಂಚನ್ನೇ ಹಿಂಬಾಲಿಸೋ ಜಗತಿ, ಇವುಗಳ ಹಿಂದೆ ಯಾರೋ ಕೂತು ಲೆಕ್ಕ ಹಾಕಿದಾರೆ. ಆದ್ರೆ ಗೋಡೆ ಮೇಲೆ ಒಂದು ಸಮೀಕರಣ ಹುಡುಕಿ, ಸಿಗಲ್ಲ. ಅವರ ಗಣಿತ ಚಿಹ್ನೇಲಿ ಇರಲಿಲ್ಲ, ಮಾತಲ್ಲಿತ್ತು.

ಹೊಯ್ಸಳರ ಕಾಲದವನೇ ರಾಜಾದಿತ್ಯ. 12ನೇ ಶತಮಾನದ ಜೈನ ಕವಿ, ಕನ್ನಡದಲ್ಲಿ ಗಣಿತ ಬರೆದ ಮೊದಲಿಗ ಅಂತ ಅವನ ಹೆಸರು. 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಅವನ ಪುಸ್ತಕಗಳು. ಹೆಸರು ನೋಡಿ, ವ್ಯವಹಾರಗಣಿತ! ನಮ್ಮ ಬಿ.ಕಾಂ. ಸಿಲಬಸ್ ಥರಾನೇ ಇದೆ. ಅವನು ಸೂತ್ರಗಳನ್ನ ಪದ್ಯದಲ್ಲಿ ಕಟ್ಟಿದ. ಯಾಕೆ ಪದ್ಯ? ತಾಳೆಗರಿಯಿಂದ ತಾಳೆಗರಿಗೆ ನಕಲು ಮಾಡೋವಾಗ ಒಂದು ಅಕ್ಷರ ಬಿಟ್ಟುಹೋದ್ರೆ ಛಂದಸ್ಸು ಮುರಿಯುತ್ತೆ, ಓದೋನಿಗೆ ತಕ್ಷಣ ಗೊತ್ತಾಗುತ್ತೆ. ಬಾಯಿಪಾಠ ಮಾಡೋಕೂ ಸುಲಭ. ಇವತ್ತು ಒಂದು ಫೈಲ್ ಡೌನ್‌ಲೋಡ್ ಆದ್ಮೇಲೆ ಅದು ಸರಿಯಾಗಿ ಬಂದಿದೆಯಾ ಅಂತ ಕಂಪ್ಯೂಟರ್ ಲೆಕ್ಕ ಹಾಕಿ ನೋಡುತ್ತಲ್ಲ, ಆ ಕೆಲಸಾನ ಇಲ್ಲಿ ಪ್ರಾಸ, ಮಾತ್ರೆ ಮಾಡ್ತಿದ್ವು.

ಅವನಿಗಿಂತ ಮುನ್ನೂರು ವರ್ಷ ಹಿಂದೆ, ಸುಮಾರು 850ರಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. ಅದರಲ್ಲೊಂದು ಒಂಟೆ ಲೆಕ್ಕ ಇದೆ. ನನ್ನ ಮಾತಲ್ಲಿ ಹೇಳ್ತೀನಿ. ಒಂದು ಒಂಟೆ ಹಿಂಡು. ಕಾಲು ಭಾಗ ಕಾಡಲ್ಲಿ ಕಾಣಿಸ್ತು. ಒಟ್ಟು ಸಂಖ್ಯೆಯ ವರ್ಗಮೂಲದ ಎರಡರಷ್ಟು ಬೆಟ್ಟದ ಕಡೆ ಹೋದ್ವು. ಉಳಿದ ಹದಿನೈದು ನದಿ ದಡದಲ್ಲಿವೆ. ಹಿಂಡಲ್ಲಿ ಎಷ್ಟು ಒಂಟೆ? ಪಾಸ್ ಮಾಡಿ ಯೋಚನೆ ಮಾಡಿ ಬೇಕಾದ್ರೆ. ಉತ್ತರ 36. ಕಾಲು ಭಾಗ 9, ವರ್ಗಮೂಲ 6, ಅದರ ಎರಡರಷ್ಟು 12, ಜೊತೆಗೆ 15.

ಇದನ್ನ 1912ರಲ್ಲಿ ಎಂ. ರಂಗಾಚಾರ್ಯ ಅವರು ಇಂಗ್ಲಿಷ್ ಅನುವಾದ, ಟಿಪ್ಪಣಿ ಸಮೇತ ಮದ್ರಾಸಿನ ಸರ್ಕಾರಿ ಮುದ್ರಣಾಲಯದಿಂದ ಅಚ್ಚು ಹಾಕಿಸಿದ್ರು. ಪದ್ಯದಲ್ಲಿದ್ದ ಲೆಕ್ಕಕ್ಕೆ ಟಿಪ್ಪಣೀಲಿ ಬೀಜಗಣಿತದ ಬಟ್ಟೆ ತೊಡಿಸಿದ್ರು. ಇವತ್ತಿನ ಹುಡುಗರು ಈ ಒಂಟೆ ಲೆಕ್ಕಾನ ಹೀಗೆ ಬರೀತಾರೆ: ಎಕ್ಸ್ ಬೈ ಫೋರ್, ಪ್ಲಸ್ ಟೂ ರೂಟ್ ಎಕ್ಸ್, ಪ್ಲಸ್ ಫಿಫ್ಟೀನ್, ಈಕ್ವಲ್ ಟು ಎಕ್ಸ್. ಮೂರು ವಾಕ್ಯದ ಕಥೆ ಒಂದು ಸಾಲಾಯ್ತು. ಸಾಲು ಅಂದ್ರೂ ಅದು ಪೂರ್ತಿ ಸಾಲಲ್ಲ. ಒಂದರ ಕೆಳಗೆ ಒಂದು ಕೂರುತ್ತೆ, ಒಂದು ಛಾವಣಿ ಥರ ಇನ್ನೊಂದರ ತಲೆ ಮೇಲೆ ಬರುತ್ತೆ. ಮಾತು ಎಡದಿಂದ ಬಲಕ್ಕೆ ಹೋಗುತ್ತೆ, ಸಮೀಕರಣ ಮೇಲೂ ಕೆಳಗೂ ಹೋಗುತ್ತೆ. ನಮ್ಮ ಇಡೀ ತಕರಾರು ಇರೋದು ಇಷ್ಟರಲ್ಲೇ.

ಇನ್ನೊಂದು ಮಜಾ. ಹಳೇ ಭಾರತೀಯ ಹಸ್ತಪ್ರತಿಗಳಲ್ಲಿ ಭಿನ್ನರಾಶಿ ಬರೀತಿದ್ದದ್ದು ಮೇಲೊಂದು ಅಂಕಿ, ಕೆಳಗೊಂದು ಅಂಕಿ. ಮಧ್ಯೆ ಗೆರೆ ಇರಲಿಲ್ಲ. ಆ ಗೆರೆ 12ನೇ ಶತಮಾನದಲ್ಲಿ ಉತ್ತರ ಆಫ್ರಿಕಾ ಕಡೆಯ ಅರಬ್ ಗಣಿತಜ್ಞರ ಬರಹದಲ್ಲಿ ಕಾಣಿಸ್ಕೊಳ್ಳುತ್ತೆ. ಹೆಚ್ಚುಕಮ್ಮಿ ನಮ್ಮ ರಾಜಾದಿತ್ಯನ ಕಾಲ. ಹಾಗಾಗಿ ಅಕ್ಕನ ಪ್ರಶ್ನೆಪತ್ರಿಕೇಲಿ ಗೆರೆ ಬಿದ್ದುಹೋಗಿದ್ದು ದೊಡ್ಡ ತಪ್ಪೇನಲ್ಲ. ನಾಲ್ಕು ಕೆಳಗೇ ಉಳಿದಿದ್ರೆ ಹಳೇ ಗಣಕರು ಓದ್ಕೊಂಡು ಹೋಗ್ತಿದ್ರು. ಅದು ಪಕ್ಕಕ್ಕೆ ಬಂತಲ್ಲ, ಅಲ್ಲಿ ಕೆಟ್ಟಿತು.

ಈಗ ಅಚ್ಚಿನ ಮನೆಗೆ ಬರೋಣ. ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ 1841ರಲ್ಲಿ ಮುದ್ರಣಾಲಯ ಶುರು ಮಾಡಿದ್ರು. ಸೀಸದ ಅಚ್ಚುಮೊಳೆ ಬಂದ್ಮೇಲೆ ಕನ್ನಡ ಜೋಡಿಸೋದೇ ಒಂದು ತಪಸ್ಸು. ಅಕ್ಷರಕ್ಕೊಂದು ಮೊಳೆ, ಒತ್ತಕ್ಷರಕ್ಕೊಂದು, ಗುಣಿತಕ್ಕೊಂದು. ಅದರ ಮೇಲೆ ಗಣಿತ ಬಂದ್ರೆ ಕಂಪಾಸಿಟರ್ ಕಥೆ ಮುಗೀತು. ಮೂರನ್ನ ಮೇಲಿಟ್ಟು, ಮಧ್ಯೆ ಹಿತ್ತಾಳೆ ಪಟ್ಟಿ ತುಂಡು ಕೂರಿಸಿ, ಕೆಳಗೆ ನಾಲ್ಕಿಟ್ಟು, ಅಕ್ಕಪಕ್ಕ ಅಲ್ಲಾಡದ ಹಾಗೆ ಖಾಲಿ ತುಂಡು ತುಂಬಬೇಕು. ಗಣಿತದ ಪುಟ ಅಂದ್ರೆ ಎಲ್ಲ ದೇಶದ ಅಚ್ಚಿನ ಮನೆಗಳಲ್ಲೂ ನಿಧಾನದ, ದುಬಾರಿ ಕೆಲಸ. ಆದ್ರೆ ಒಂದು ಒಳ್ಳೇದಿತ್ತು. ಗೆರೆ ಅನ್ನೋದು ಕೈಗೆ ಸಿಗೋ ವಸ್ತು. ಅದು ತಾನಾಗೇ ಮಾಯ ಆಗ್ತಿರಲಿಲ್ಲ.

ಈ ಕಸುಬು ಬದಲಾದದ್ದು ಒಬ್ಬ ಮನುಷ್ಯನ ಸಿಟ್ಟಿಂದ. ಅಮೆರಿಕದ ಸ್ಟ್ಯಾನ್‌ಫರ್ಡಲ್ಲಿ ಡೊನಾಲ್ಡ್ ಕ್ನೂತ್ ಅಂತ ಕಂಪ್ಯೂಟರ್ ವಿಜ್ಞಾನಿ. 1977ರಲ್ಲಿ ತನ್ನ ದೊಡ್ಡ ಪುಸ್ತಕದ ಎರಡನೇ ಸಂಪುಟದ ಹೊಸ ಆವೃತ್ತಿಯ ಪ್ರೂಫ್ ಬಂತು. ಪ್ರಕಾಶಕರು ಸೀಸದ ಮೊಳೆ ಬಿಟ್ಟು ಫೋಟೋ ತಂತ್ರಕ್ಕೆ ಹೋಗಿದ್ರು, ಪುಟ ನೋಡಕ್ಕಾಗದ ಹಾಗಿತ್ತು. ನಾವಾಗಿದ್ರೆ ಒಂದು ಖಾರದ ಇಮೇಲ್ ಹಾಕಿ ಸುಮ್ಮನಾಗ್ತಿದ್ವಿ. ಆತ ತಾನೇ ಒಂದು ತಂತ್ರಾಂಶ ಬರೆಯೋಕೆ ಕೂತ. ಬೇಗ ಮುಗಿಯುತ್ತೆ ಅಂದ್ಕೊಂಡಿದ್ದ, ಹತ್ತು ವರ್ಷಕ್ಕೂ ಹೆಚ್ಚು ಹಿಡೀತು. ಹುಟ್ಟಿದ್ದು ಟೆಕ್. ಎಲ್ಲರಿಗೂ ಪುಕ್ಕಟೆ. ಅದರ ಆವೃತ್ತಿ ಸಂಖ್ಯೆ ಪ್ರತೀ ಸಲ 'ಪೈ'ಗೆ ಒಂದೊಂದು ಅಂಕಿ ಹತ್ತಿರ ಆಗುತ್ತೆ, ಈಗ 3.141592653. ಆಮೇಲೆ ಲೆಸ್ಲಿ ಲ್ಯಾಂಪೋರ್ಟ್ ಅನ್ನೋರು ಇದರ ಮೇಲೆ ಲೇಟೆಕ್ ಕಟ್ಟಿದ್ರು. ಇಂಜಿನಿಯರಿಂಗ್ ಓದೋ ನಿಮ್ಮ ಫ್ರೆಂಡ್ಸನ್ನ ಕೇಳಿ, ಪ್ರಾಜೆಕ್ಟ್ ರಿಪೋರ್ಟ್ ಬರೆಯೋವಾಗ ಅದನ್ನ ಬೈದಿರ್ತಾರೆ.

ಟೆಕ್ ಮಾಡಿದ್ದು ಏನು? ಮುಕ್ಕಾಲನ್ನ ನೀವು ಚಿತ್ರವಾಗಿ ಬಿಡಿಸಲ್ಲ, ಹೇಳ್ತೀರ. 'ಬ್ಯಾಕ್‌ಸ್ಲ್ಯಾಶ್ ಫ್ರ್ಯಾಕ್, ಬ್ರ್ಯಾಕೆಟಲ್ಲಿ ಮೂರು, ಬ್ರ್ಯಾಕೆಟಲ್ಲಿ ನಾಲ್ಕು.' ಫ್ರ್ಯಾಕ್ ಅಂದ್ರೆ ಫ್ರ್ಯಾಕ್ಷನ್, ಭಿನ್ನರಾಶಿ. ಇದು ಮಾಮೂಲಿ ಅಕ್ಷರದಲ್ಲಿ ಟೈಪ್ ಮಾಡಿದ ಒಂದು ಮಾತು. ವಾಟ್ಸಾಪಲ್ಲಿ ಕಳಿಸಿ, ಚೀಟೀಲಿ ಬರೀರಿ, ಫೋನಲ್ಲಿ ಓದಿ, ಕೆಡಲ್ಲ. ಗೆರೆ ಎಲ್ಲಿ ಎಳೀಬೇಕು ಅನ್ನೋದು ಮೆಷೀನ್ ಕೆಲಸ. ಯೋಚನೆ ಮಾಡಿ, ರಾಜಾದಿತ್ಯ ಸೂತ್ರ ಹೇಳ್ತಿದ್ದದ್ದೂ ಹೀಗೇ ಅಲ್ವಾ? ಮೇಲೆ ಕೆಳಗೆ ಇರೋದನ್ನ ಸಾಲಾಗಿ ಹೇಳೋದು.

ಆದ್ರೆ ಸುಮ್ಮನೆ ಬಾಯಲ್ಲಿ ಹೇಳಿದ್ರೆ ಸಾಲಲ್ಲ. ಪಿ.ಯು.ಸಿ. ತನಕ ಗಣಿತ ಓದಿರೋ ಎಲ್ಲರಿಗೂ ಈ ಮಂತ್ರ ಗೊತ್ತು: ಮೈನಸ್ ಬಿ ಪ್ಲಸ್ ಆರ್ ಮೈನಸ್ ರೂಟ್ ಬಿ ಸ್ಕ್ವೇರ್ ಮೈನಸ್ ಫೋರ್ ಎಸಿ ಬೈ ಟು ಎ. ಈಗ ಹೇಳಿ, ರೂಟ್ ಎಲ್ಲಿ ಮುಗೀತು? 'ಬೈ ಟು ಎ' ಯಾವುದರ ಕೆಳಗೆ ಬರುತ್ತೆ, ಬರೀ ರೂಟ್ ಕೆಳಗಾ, ಮೈನಸ್ ಬಿ ಸೇರಿಸಿನಾ? ಬೋರ್ಡ್ ಮೇಲೆ ಉದ್ದ ಗೆರೆ ನೋಡಿದ್ದಕ್ಕೆ ನಮಗೆ ಗೊತ್ತು. ಟೆಕ್‌ನ ಬ್ರ್ಯಾಕೆಟ್ ಆ ಗೆರೆ ಕೆಲಸ ಮಾಡುತ್ತೆ.

ಹಾಗಾದ್ರೆ ಎಲ್ಲರೂ ಟೆಕ್ ಬಳಸಬಹುದಿತ್ತಲ್ಲ? ಬಳಸಲಿಲ್ಲ. ಜನಕ್ಕೆ ಬೇಕಿದ್ದು ಕಣ್ಣಿಗೆ ಕಾಣೋ ಹಾಗೆ ಟೈಪ್ ಮಾಡೋದು, ಅಂದ್ರೆ ವರ್ಡ್. ಅದರ ಜೊತೆ ಬರ್ತಿದ್ದ ಈಕ್ವೇಶನ್ ಎಡಿಟರ್ ಮೈಕ್ರೋಸಾಫ್ಟಿನದ್ದಲ್ಲ, ಡಿಸೈನ್ ಸೈನ್ಸ್ ಅನ್ನೋ ಬೇರೆ ಕಂಪನಿ ಮಾಡಿಕೊಟ್ಟದ್ದು. ನೀವು ಸಮೀಕರಣ ಹಾಕಿದ್ರೆ ಅದು ಪುಟದ ಭಾಗ ಆಗ್ತಿರಲಿಲ್ಲ. ಪುಟದ ಮೇಲೆ ಇಟ್ಟ ಬೀಗ ಹಾಕಿದ ಡಬ್ಬಿ, ಡಬ್ಬಿ ಮುಚ್ಚಳದ ಮೇಲೆ ಅದರ ಫೋಟೋ. ತೆರೀಬೇಕಾದ್ರೆ ಅದೇ ಎಡಿಟರ್ ಬೇಕು. 2017ರ ನವೆಂಬರಲ್ಲಿ ಆ ಎಡಿಟರಲ್ಲಿ ಹದಿನೇಳು ವರ್ಷ ಹಳೇದೊಂದು ಭದ್ರತಾ ದೋಷ ಇದೆ ಅಂತ ಬಯಲಾಯ್ತು. ಒಂದು ಫೈಲ್ ತೆರೆದ್ರೆ ಸಾಕು, ಕಂಪ್ಯೂಟರ್ ಬೇರೆಯವರ ಕೈಗೆ. ಮೊದಲು ತೇಪೆ ಹಾಕಿದ್ರು, 2018ರ ಜನವರೀಲಿ ಅಪ್‌ಡೇಟ್ ಮೂಲಕ ಎಡಿಟರನ್ನೇ ತೆಗೆದುಹಾಕಿದ್ರು. ಆಗ ಹಳೇ ಫೈಲುಗಳಲ್ಲಿ ಸಮೀಕರಣ ಕಾಣ್ತಿತ್ತು, ಮುಟ್ಟಿದ್ರೆ ತೆರೀತಿರಲಿಲ್ಲ. ಮುಚ್ಚಳದ ಮೇಲಿನ ಫೋಟೋ ಉಳೀತು, ಬೀಗದ ಕೈ ಹೋಯ್ತು. ಭದ್ರತೆ ದೃಷ್ಟಿಯಿಂದ ಅದು ಸರಿಯಾದ ಕೆಲಸ ಅಂತಲೇ ನಾನು ಹೇಳ್ತೀನಿ. ಆದ್ರೆ ಆ ಹೊತ್ತಿಗೆ ಜಗತ್ತಿನ ಎಷ್ಟೋ ಟೀಚರುಗಳು ಅದರಲ್ಲೇ ಪ್ರಶ್ನೆಪತ್ರಿಕೆ ಮಾಡಿಟ್ಟಿದ್ರು.

ಬದಲಿ ಆಗ್ಲೇ ಬಂದಿತ್ತು. 2007ರ ವರ್ಡಲ್ಲಿ ಹೊಸ ಸಮೀಕರಣ ವ್ಯವಸ್ಥೆ ಸೇರಿತು, ಡಬ್ಬಿ ಅಲ್ಲ, ಪುಟದ ಒಳಗಿನ ಬರಹವೇ. ಮರ್ರೆ ಸಾರ್ಜೆಂಟ್ ಅನ್ನೋ ಎಂಜಿನಿಯರ್ ಇದಕ್ಕೆ ಸಾಲಾಗಿ ಟೈಪ್ ಮಾಡೋ ವಿಧಾನ ರೂಪಿಸಿದ್ರು. ಸಮೀಕರಣದ ಚೌಕದೊಳಗೆ ಮೂರು, ಓರೆ ಗೆರೆ, ನಾಲ್ಕು ಒತ್ತಿ ಸ್ಪೇಸ್ ಕೊಟ್ರೆ ತಾನೇ ಮುಕ್ಕಾಲಾಗಿ ಎದ್ದು ನಿಲ್ಲುತ್ತೆ. ಆಮೇಲೆ ಅದು ಲೇಟೆಕ್ ಮಾತನ್ನೂ ಒಪ್ಪೋಕೆ ಶುರು ಮಾಡ್ತು.

ಇಲ್ಲೀವರೆಗೆ ಜಗತ್ತಿನ ಕಥೆ. ಕನ್ನಡಕ್ಕೆ ಇನ್ನೊಂದು ತಿರುವಿದೆ. ಅಕ್ಕನ ಹಾಳೆ ಕೆಟ್ಟದ್ದು ಅದರಿಂದಲೂ.

ಅವಳ ಹಾಳೇಲಿ ಮೂವತ್ನಾಲ್ಕು ಮಾತ್ರ ಅಲ್ಲ, ಒಂದು ಕಡೆ ಎಕ್ಸ್ ಇರಬೇಕಾದ ಜಾಗದಲ್ಲಿ ಅರ್ಧಂಬರ್ಧ ಕನ್ನಡ ಅಕ್ಷರ ಕೂತಿತ್ತು. ಯಾಕೆ? ಕನ್ನಡ ಟೈಪಿಂಗಿನ ಒಂದು ತಲೆಮಾರು ಬೆಳೆದದ್ದು ವೇಷ ಹಾಕೋ ಫಾಂಟುಗಳ ಮೇಲೆ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಇವುಗಳಿಂದ ಕನ್ನಡದ ಡಿ.ಟಿ.ಪಿ. ಅಂಗಡಿಗಳಿಗೆ ತುಂಬ ಅನುಕೂಲ ಆಯ್ತು, ಅವರಿಗೆ ನಾವು ಋಣಿ. ಆದ್ರೆ ಆ ಹಳೇ ಫಾಂಟುಗಳ ಒಳಗುಟ್ಟು ಏನಂದ್ರೆ, ಕಂಪ್ಯೂಟರಿಗೆ ಗೊತ್ತಿರೋದು ಇಂಗ್ಲಿಷ್ ಅಕ್ಷರದ ಸಂಖ್ಯೆ, ಪರದೆ ಮೇಲೆ ಮಾತ್ರ ಕನ್ನಡದ ಆಕಾರ. ಇಡೀ ಪುಟ ಸೆಲೆಕ್ಟ್ ಮಾಡಿ ಆ ಫಾಂಟ್ ಹಾಕಿದ್ರೆ ಸಮೀಕರಣದ ಎಕ್ಸೂ ಕನ್ನಡದ ವೇಷ ಹಾಕುತ್ತೆ. ನಮ್ಮ ಗಣಿತ ಪುಸ್ತಕದ ಒಂದೊಂದು ವಾಕ್ಯದಲ್ಲೂ ಕನ್ನಡ ಮಾತು, ಇಂಗ್ಲಿಷ್ ಎಕ್ಸ್ ವೈ, ಗ್ರೀಕ್ ತೀಟಾ, 1 2 3 ಎಲ್ಲ ಒಂದೇ ಬೆಂಚಲ್ಲಿ ಕೂತಿರ್ತವೆ. ವೇಷದ ಫಾಂಟಿಗೆ ಇವರಲ್ಲಿ ಯಾರು ಯಾರು ಅಂತ ಗೊತ್ತಾಗಲ್ಲ. ಯೂನಿಕೋಡ್ ಬಂದ್ಮೇಲೆ ಪ್ರತಿ ಅಕ್ಷರಕ್ಕೂ ಅದರದ್ದೇ ಗುರುತು, ಈ ಗೊಂದಲ ಇಲ್ಲ. ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಅಲ್ಲಿ ಜಾಗ ಇತ್ತು. ಅಂಗಡಿಗಳಿಗೆ ಅದು ಇಳಿದು ಬರೋಕೆ ಎಷ್ಟು ಕಾಲ ಹಿಡೀತು ಅಂತ ನಿಮಗೇ ಗೊತ್ತು.

ಅಂಗಡೀಲಿ ಆದದ್ದು ಇಷ್ಟು. ಅಕ್ಕ ಕೊಟ್ಟ ಫೈಲು ಅವರ ಪುಟ ಕಟ್ಟೋ ತಂತ್ರಾಂಶದಲ್ಲಿ ತೆರೆಯಲಿಲ್ಲ. ಹುಡುಗ ಕಾಪಿ ಮಾಡಿ ಪೇಸ್ಟ್ ಮಾಡಿದ. ಸಮೀಕರಣದ ರಚನೆ ಉದುರಿ ಬರೀ ಅಂಕಿ ಬಂತು: ಮೂರು, ನಾಲ್ಕು. ಕನ್ನಡ ಸರಿ ಕಾಣಲಿಲ್ಲ ಅಂತ ಅವರ ಫಾಂಟಿಗೆ ಪರಿವರ್ತಿಸಿದ, ಎಕ್ಸ್ ಹೋಯ್ತು. ಅವನಿಗೆ ದಿನಕ್ಕೆ ನೂರು ಕೆಲಸ, ಮದುವೆ ಕಾರ್ಡು, ಆಧಾರ್ ಝೆರಾಕ್ಸು. ಅವನನ್ನ ಬೈಯೋಕೆ ನನಗೆ ಮನಸ್ಸಿಲ್ಲ.

ಕನ್ನಡವನ್ನೂ ಸಮೀಕರಣವನ್ನೂ ಒಂದೇ ಪುಟದಲ್ಲಿ ಸರಿಯಾಗಿ ಕೂರಿಸೋ ಜನ ಎಲ್ಲಿದಾರೆ ಅಂತ ಹುಡುಕಿದ್ರೆ, ಬೆಂಗಳೂರಿಗೆ ಹೋಗಬೇಕಾಗಲಿಲ್ಲ. ನಮ್ಮ ಮಂಡ್ಯ ಜಿಲ್ಲೇನೇ. ಶ್ರೀರಂಗಪಟ್ಟಣ. ಅಲ್ಲಿ ಗಣಿತಜ್ಞ ಸಿ.ಎಸ್. ಯೋಗಾನಂದ ಅವರು ಶ್ರೀರಂಗ ಡಿಜಿಟಲ್ ಸಾಫ್ಟ್‌ವೇರ್ ಟೆಕ್ನಾಲಜೀಸ್ ಅನ್ನೋ ಸಂಸ್ಥೆ ಕಟ್ಟಿದ್ರು. ಗಣಿತ ಒಲಿಂಪಿಯಾಡಿಗೆ ತಯಾರಾಗೋ ಹುಡುಗರ ಕೈಲಿ ಇರೋ 'ಪ್ರಾಬ್ಲಮ್ ಪ್ರೈಮರ್' ಪುಸ್ತಕ ಬರೆದ ಮೂವರಲ್ಲಿ ಇವರೂ ಒಬ್ಬರು. ಟೆಕ್ ಬಳಸಿ ಗಣಿತ, ಕನ್ನಡ, ಸಂಸ್ಕೃತ ಪುಟಗಳನ್ನ ಕಟ್ಟೋ ಕೆಲಸ ಆ ಊರಲ್ಲಿ ನಡೀತು. ಟಿಪ್ಪು ಅರಮನೆ, ರಂಗನಾಥಸ್ವಾಮಿ ದೇವಸ್ಥಾನ, ಸಂಗಮ ಅಂತ ನಾವು ಸ್ಟೇಟಸ್ ಹಾಕೋ ಊರು ಅದು. ಅಲ್ಲಿ ಅಚ್ಚಿಗೆ ಹೋಗೋ ಸಮೀಕರಣ ಕೂರಿಸ್ತಾರೆ ಅಂತ ನನಗೆ ಈ ಸಂಚಿಕೆ ಮಾಡೋ ತನಕ ಗೊತ್ತಿರಲಿಲ್ಲ. ಶಾಲಾ ಟ್ರಿಪ್ಪಲ್ಲಿ ಎಷ್ಟು ಸಲ ಹೋಗಿದೀನೋ!

ಇದು ಸುಲಭ ಇರಲಿಲ್ಲ. ಮೊದಮೊದಲು ಟೆಕ್‌ಗೆ ಕನ್ನಡ ಗೊತ್ತಿರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು, ಅದನ್ನ ಇನ್ನೊಂದು ತಂತ್ರಾಂಶದ ಮೂಲಕ ಹಾಯಿಸಿ, ಕನ್ನಡ ಆಕಾರ ಬರಿಸಬೇಕಿತ್ತು. 1990ರ ದಶಕದಲ್ಲೇ ಕನ್ನಡಿಗರು ಅಂಥ ಸಾಧನ ಮಾಡಿಕೊಂಡಿದ್ರು. 2004ರಲ್ಲಿ ಜೊನಾಥನ್ ಕ್ಯೂ ಅವರ ಝೀಟೆಕ್ ಬಂದ್ಮೇಲೆ ಯೂನಿಕೋಡ್ ಕನ್ನಡ ನೇರವಾಗಿ ಟೈಪ್ ಮಾಡಿ, ಅದರ ಪಕ್ಕದಲ್ಲೇ ಸಮೀಕರಣ ಬರೆಯೋ ಹಾಗಾಯ್ತು.

ನನಗೆ ಇನ್ನೂ ಒಂದು ಕೊರಗಿದೆ. ವರ್ಡಿನ ಸಮೀಕರಣ ಬಳಸೋ ಗಣಿತದ ಫಾಂಟ್ ಕೇಂಬ್ರಿಯಾ ಮ್ಯಾತ್. ಅದರಲ್ಲಿ ಕನ್ನಡ ಅಕ್ಷರವೇ ಇಲ್ಲ. ಸರಳಬಡ್ಡಿ ಸೂತ್ರ ನೆನಪಿಸ್ಕೊಳ್ಳಿ: ಬಡ್ಡಿ ಈಕ್ವಲ್ ಟು ಅಸಲು ಇಂಟು ದರ ಇಂಟು ಕಾಲ, ಬೈ ನೂರು. ಕನ್ನಡ ಮೀಡಿಯಂ ಮಗುವಿಗೆ ಇದಕ್ಕಿಂತ ಸ್ಪಷ್ಟವಾದ ಸಮೀಕರಣ ಇಲ್ಲ, ಪಿ ಟಿ ಆರ್ ಬೇಡ. ಅದನ್ನ ಸಮೀಕರಣದ ಚೌಕದೊಳಗೆ ಬರೆಯೋಕೆ ಹೋದ್ರೆ ಅಕ್ಷರ ಬೇರೆ ಫಾಂಟಿಂದ ಸಾಲ ತರಬೇಕು, ಒತ್ತಕ್ಷರ ಗೆರೆಗೆ ತಾಗುತ್ತೆ. ಹಾಗಾಗಿ ಟೀಚರುಗಳು ಏನು ಮಾಡ್ತಾರೆ? ಬೋರ್ಡ್ ಮೇಲೆ ಬರೆದು ಫೋಟೋ ಹೊಡೆದು ಫೈಲಿಗೆ ಅಂಟಿಸ್ತಾರೆ. ಸ್ಕ್ರೀನ್‌ಶಾಟ್ ಗಣಿತ. ಅದು ಪ್ರಿಂಟಲ್ಲಿ ಮಸುಕು, ಫೋನಲ್ಲಿ ದೊಡ್ಡದು ಮಾಡಿದ್ರೆ ಪಿಕ್ಸೆಲ್ ಒಡೆಯುತ್ತೆ. ಕಣ್ಣು ಕಾಣದ ಹುಡುಗಿಯೊಬ್ಬಳು ಫೋನಿನ ಟಾಕ್‌ಬ್ಯಾಕ್ ಇಟ್ಕೊಂಡು ಓದ್ತಿದ್ರೆ, ಆ ಜಾಗಕ್ಕೆ ಬಂದಾಗ ಅದು 'ಚಿತ್ರ' ಅಂದು ಮುಂದೆ ಹೋಗುತ್ತೆ. ಲೆಕ್ಕ ಪೂರ್ತಿ ಅವಳ ಕೈತಪ್ಪಿತು. ವೆಬ್ ಪುಟಗಳಿಗೆ ಅಂತಲೇ 1998ರಲ್ಲಿ ಮ್ಯಾಥ್‌ಎಂಎಲ್ ಅನ್ನೋ ಮಾನದಂಡ ಬಂತು, ಸಮೀಕರಣಾನ ಬರಹವಾಗೇ ಇಡೋಕೆ. ಕ್ರೋಮ್ ಬ್ರೌಸರ್ ಅದನ್ನ ಸರಿಯಾಗಿ ತೋರಿಸೋಕೆ ಶುರು ಮಾಡಿದ್ದು 2023ರ ಜನವರೀಲಿ. ಇಪ್ಪತ್ತೈದು ವರ್ಷ! ಕ್ಯಾಟ್ ವಿಡಿಯೋ ಇಷ್ಟು ಕಾಯಲಿಲ್ಲ.

ಸರಿ, ಅಕ್ಕನ ಫೋಲ್ಡರಿಗೆ ವಾಪಸ್. ಅದರಲ್ಲಿ ಅವಳು ಕೆಲಸಕ್ಕೆ ಸೇರಿದಾಗಿನಿಂದ ಮಾಡಿದ ಪ್ರಶ್ನೆಗಳಿವೆ. ನಮ್ಮೂರಿನ ಆಲೆಮನೆ ಬೆಲ್ಲದ ಮೇಲೆ ಲಾಭ-ನಷ್ಟ, ಹೇಮಾವತಿ ನಾಲೆ ನೀರಿನ ಮೇಲೆ ಘನಫಲ, ದೇವಸ್ಥಾನದ ಜಗತಿ ಸುತ್ತಳತೆ. ಗೈಡಲ್ಲಿ ಸಿಗದ ಪ್ರಶ್ನೆಗಳು. ಅರ್ಧ ಫೈಲು ವೇಷದ ಫಾಂಟಲ್ಲಿವೆ, ಕಾಲು ಭಾಗ ಫೋಟೋ.

ನಾವು ಒಂದು ದಾರಿ ಹಿಡಿದ್ವಿ. ಪ್ರಶ್ನೆಯನ್ನ ಮಾಮೂಲಿ ನೋಟ್‌ಪ್ಯಾಡಲ್ಲಿ ಯೂನಿಕೋಡ್ ಕನ್ನಡದಲ್ಲಿ ಬರೆಯೋದು. ಭಿನ್ನರಾಶಿ, ವರ್ಗಮೂಲ ಬಂದ ಕಡೆ ಲೇಟೆಕ್ ಮಾತು. ಆಮೇಲೆ ಪ್ಯಾಂಡಾಕ್ ಅಂತ ಒಂದು ಉಚಿತ ತಂತ್ರಾಂಶ ಇದೆ, ಜಾನ್ ಮ್ಯಾಕ್‌ಫಾರ್ಲೇನ್ ಅನ್ನೋ ತತ್ವಶಾಸ್ತ್ರದ ಮೇಷ್ಟ್ರು ಬರೆದದ್ದು. ಅದರ ಮೂಲಕ ಹಾಯಿಸಿದ್ರೆ ವರ್ಡ್ ಫೈಲ್ ಬರುತ್ತೆ, ಸಮೀಕರಣ ಚಿತ್ರವಾಗಿ ಅಲ್ಲ, ತೆರೆದು ತಿದ್ದಬಹುದಾದ ಸಮೀಕರಣವಾಗೇ. ಅಂಗಡಿಗೆ ಆ ಫೈಲ್ ಕೊಡಲ್ಲ, ಪಿ.ಡಿ.ಎಫ್. ಮಾಡಿ ಕೊಡ್ತೀವಿ. ಪಿ.ಡಿ.ಎಫ್. ಪ್ರಿಂಟಿಗೆ ಒಳ್ಳೇದು, ತಿದ್ದೋಕೆ ಕೆಟ್ಟದ್ದು. ಹಾಗಾಗಿ ಮೂಲ ನೋಟ್‌ಪ್ಯಾಡ್ ಫೈಲ್ ಮನೇಲಿ ಭದ್ರವಾಗಿ ಉಳಿಯುತ್ತೆ. ಪ್ಯಾಂಡಾಕ್ ಬೇಡ ಅನ್ನೋರು ವರ್ಡಲ್ಲೇ ಆಲ್ಟ್ ಮತ್ತು ಈಕ್ವಲ್ ಟು ಕೀ ಒಟ್ಟಿಗೆ ಒತ್ತಿ, ಬಂದ ಚೌಕದಲ್ಲಿ ಅದೇ ಮಾತು ಟೈಪ್ ಮಾಡಬಹುದು.

ಅಕ್ಕ ಮೊದಲ ದಿನ ಬ್ರ್ಯಾಕೆಟ್ ಮುಚ್ಚೋದು ಮರೆತು ಮರೆತು ಎರಡು ಸಲ ಲ್ಯಾಪ್‌ಟಾಪ್ ಮುಚ್ಚಿಟ್ಟಳು. 'ಇದ್ಯಾವ ಮಗ್ಗಿನೋ' ಅಂದಳು. ಮೂರನೇ ದಿನಕ್ಕೆ ನನಗಿಂತ ಜೋರು. ಈಗ ರಾತ್ರಿ ಊಟ ಆದ್ಮೇಲೆ ದಿನಕ್ಕೆ ಎರಡು ಪ್ರಶ್ನೆಪತ್ರಿಕೆ ಹೊಸದಾಗಿ ಬರೀತಾಳೆ. ಫೋಟೋಗಳನ್ನ ನೋಡ್ಕೊಂಡು ಕೈಯಾರೆ ಟೈಪ್ ಮಾಡೋದು ಬಿಟ್ರೆ ಬೇರೆ ದಾರಿ ಇಲ್ಲ. ಕೆಲವು ಎಷ್ಟು ಮಸುಕು ಅಂದ್ರೆ ಘಾತ ಎರಡೋ ಮೂರೋ ಅಂತ ಲೆಕ್ಕ ಬಿಡಿಸಿ ನೋಡಿನೇ ಪತ್ತೆ ಮಾಡಬೇಕು.

6,800 ಲೀಟರ್ ಹುಡುಗನಿಗೆ ಎರಡಕ್ಕೆ ಎರಡು ಅಂಕ ಸಿಕ್ತು. ನೀರು ಚೆಲ್ಲುತ್ತೆ ಅಂತ ನೋಡಿದವನು ಅವನೊಬ್ಬನೇ ಅನ್ನೋದು ಅಕ್ಕನ ವಾದ. ಕ್ಲಾಸಲ್ಲಿ ಅವನಿಗೆ ಈಗ ಚೆಲ್ಲೋ ತೊಟ್ಟಿ ಅಂತ ಅಡ್ಡಹೆಸರು.

ಮುಂದಿನ ಕಿರುಪರೀಕ್ಷೆ ಶನಿವಾರ. ಪ್ರಿಂಟ್ ತರೋಕೆ ನಾನೇ ಪೇಟೆಗೆ ಹೋಗ್ತಿದೀನಿ. ಪಿ.ಡಿ.ಎಫ್. ಪೆನ್‌ಡ್ರೈವಲ್ಲಿದೆ. ಗೆರೆ ಎಳೆಯೋಕೆ ಅಂತ ಜೇಬಲ್ಲಿ ಒಂದು ಪೆನ್ನೂ ಇದೆ.